ಮುಚ್ಚಿದ ಗಣಿಯಲ್ಲಿ ನೋಡೋದೇನಿದೆ?

ಪ್ರಶ್ನೆ: ಮಗ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾವು ಗಂಡ-ಹೆಂಡತಿ ಹೋಗುತ್ತಿದ್ದೇವೆ. ರೈನ್ ನದಿ, ಕಲೋನಿನ ಚರ್ಚು ಎಲ್ಲ ಸರಿ. ಆದರೆ ಒಂದು ದಿನ ರೂರ್ ಪ್ರದೇಶದ ಹಳೇ ಕಲ್ಲಿದ್ದಲು ಗಣಿಯಲ್ಲಿ ಗೈಡ್ ಜತೆ ನಡೆಯಲೇಬೇಕು ಅಂತ ಪಟ್ಟು ಹಿಡಿದಿದ್ದಾನೆ. ಅಷ್ಟು ದೂರ ಹೋಗಿ, ದುಡ್ಡು ಕೊಟ್ಟು, ಮುಚ್ಚಿದ ಗಣಿ ನೋಡಬೇಕೇ? ನನಗೆ ಮಂಡಿನೋವು ಬೇರೆ.

ಉತ್ತರ: ಮಗನ ಮಾತು ಕೇಳಿ. ಕಲೋನಿನ ಚರ್ಚು ಇನ್ನೈನೂರು ವರ್ಷ ಅಲ್ಲೇ ನಿಂತಿರುತ್ತದೆ. ಗಣಿಯಲ್ಲಿ ದುಡಿದವರು ಇನ್ನೆಷ್ಟು ದಿನ ಜನರನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಾರೆ, ಹೇಳಿ? ಅಲ್ಲಿನ ಕೊನೆಯ ಗಣಿ, ಬೊಟ್ರೊಪ್ ಊರಿನ ಪ್ರಾಸ್ಪರ್-ಹಾನಿಯೆಲ್, 2018ರ ಡಿಸೆಂಬರ್ 21ಕ್ಕೆ ಬಾಗಿಲು ಹಾಕಿತು. ಅಲ್ಲಿಂದಾಚೆಗೆ ಆ ಕೆಲಸಕ್ಕೆ ಹೊಸಬರು ಸೇರಿಲ್ಲ.

ನಾನು ಪಕ್ಕದ ಎಸೆನ್‌ಗೆ ಹೋಗಿದ್ದು ಮಗಳ ಬಾಣಂತನಕ್ಕೆ. ಎರಡು ತಿಂಗಳು ಮನೆಯಿಂದಾಚೆ ಕಾಲಿಟ್ಟಿರಲಿಲ್ಲ. ಒಂದು ಶನಿವಾರ ಅಳಿಯ, ‘ಮಗೂನ ನಾನು ನೋಡ್ಕೋತೀನಿ, ನೀವು ಹೋಗ್ಬನ್ನಿ ಅತ್ತೆ’ ಅಂತ ಝೋಲ್‌ಫೆರೈನ್ ಗಣಿಯ ಟಿಕೆಟ್ ಕೈಗಿಟ್ಟ. ಆಗ ನನ್ನ ಬಾಯಿಂದ ಬಂದದ್ದೂ ನಿಮ್ಮದೇ ಪ್ರಶ್ನೆ.

ಎಸೆನ್ ರೈಲು ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ಗಣಿಯ ಬಾಗಿಲಿಗೇ ಬಿಡುತ್ತದೆ. ಗಾಲಿಗಳನ್ನು ನೆತ್ತಿಯ ಮೇಲಿಟ್ಟುಕೊಂಡ 55 ಮೀಟರ್ ಎತ್ತರದ ಕಬ್ಬಿಣದ ಗೋಪುರ, ಊರಿನ ತೇರಿನ ಹಾಗೆ, ದೂರದಿಂದಲೇ ಕಾಣುತ್ತದೆ. ಅದು 1932ರಲ್ಲಿ ಶುರುವಾದ ಹನ್ನೆರಡನೇ ಶಾಫ್ಟ್, ಅಂದರೆ ಗಣಿಯ ಆಳಕ್ಕೆ ನೇರ ಕೊರೆದ ಬಾವಿ; ಗೋಪುರ ಅದರ ಮೇಲಿನದು. ಕಟ್ಟಿದವರು ಫ್ರಿಟ್ಸ್ ಶುಪ್, ಮಾರ್ಟಿನ್ ಕ್ರೆಮ್ಮರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು. ಕೆಂಪು ಇಟ್ಟಿಗೆ, ಕಬ್ಬಿಣ, ಗಾಜು, ಎಲ್ಲ ಗೆರೆ ಎಳೆದ ಹಾಗೆ ನೇರ. ಜಗತ್ತಿನ ಅತಿ ಸುಂದರ ಕಲ್ಲಿದ್ದಲು ಗಣಿ ಅಂತ ಹೆಸರು. 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ನಮ್ಮ ಗೈಡ್ ಎಪ್ಪತ್ತರ ಹತ್ತಿರದವರು, ಅಗಲವಾದ ಕೈ. ‘ಗ್ಲುಕ್ ಔಫ್’ ಅಂದರು, ಗಣಿಯವರ ನಮಸ್ಕಾರ ಅದು. ಆಮೇಲೆ ಮೊದಲು ನೋಡಿದ್ದು ನಮ್ಮ ಕಾಲು. ನಾನು ಸೀರೆ, ತೆಳು ಚಪ್ಪಲಿ. ಒಳಗೆ ನಡೆಯೋದು ಕಬ್ಬಿಣದ ಜಾಲರಿಯ ಮೇಲೆ; ಕೆಳಗೆ ನೋಡಿದರೆ ಎರಡು ಅಂತಸ್ತು ಪಾತಾಳ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ನಡೆದೆ. ನೀವು ಬೂಟು ಹಾಕಿ ಹೋಗಿ. ಮೇ ತಿಂಗಳಾದರೂ ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ.

ಹೊರಗೆ ನಿಂತು ‘ಎಷ್ಟು ಚೆಂದ ಇದೆ’ ಅಂದೆ. ಅವರು, ‘ಚೆಂದ ನೋಡೋಕೆ ನಮಗೆ ಹೊತ್ತೆಲ್ಲಿತ್ತು’ ಅಂದು ಒಂದು ವಿಷಯ ಹೇಳಿದರು. ಆ ಪ್ರಸಿದ್ಧ ಗೋಪುರ ಕಟ್ಟಿದ್ದು ಕಲ್ಲಿದ್ದಲು ಎತ್ತುವುದಕ್ಕೆ, ದಿನಕ್ಕೆ 12,000 ಟನ್. ಆಳುಗಳು ಇಳಿಯುತ್ತಿದ್ದುದು ಆಚೀಚೆಯ ಹಳೇ ಶಾಫ್ಟ್‌ಗಳಲ್ಲಿ. ಅಂದರೆ ಎಲ್ಲರೂ ಎದುರು ನಿಂತು ಫೋಟೊ ತೆಗೆಸಿಕೊಳ್ಳೋದು ಕಲ್ಲಿದ್ದಲಿನ ಬಾಗಿಲು, ಮನುಷ್ಯರ ಬಾಗಿಲಲ್ಲ! ಗೈಡ್ ಇಲ್ಲದೆ ಹೋಗಿದ್ದರೆ ನಾನೂ ಅದರ ಎದುರು ಹಲ್ಲುಕಿರಿದು ಬಂದುಬಿಡುತ್ತಿದ್ದೆ.

ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಬೆಲ್ಟ್ ಇದ್ದ ಜಾಗದಲ್ಲಿ ನಾನು ಮುಂದೆ ಹೋಗಲಾರದೆ ನಿಂತೆ. ಅಕ್ಕಿಯಲ್ಲಿ ಕಲ್ಲು ಆರಿಸೋದು ನಮಗೆ ಗೊತ್ತು. ಇಲ್ಲಿ ಓಡುತ್ತಿರುವ ಬೆಲ್ಟಿನಿಂದ ಕೈಯಲ್ಲಿ ಬಂಡೆ ಆರಿಸಬೇಕು. ಆ ಕೆಲಸಕ್ಕಿದ್ದವರು ಇನ್ನೂ ಮೀಸೆ ಬಾರದ ಹುಡುಗರು ಮತ್ತು ಕೆಳಗೆ ದುಡಿಯಲು ಆಗದ, ಏಟು ತಿಂದ ಮುದುಕರು. ಯಂತ್ರದ ಸದ್ದಿಗೆ ಮಾತು ಕೇಳಿಸದೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರಂತೆ. ‘ಇಲ್ಲಿ ಶುರು, ಇಲ್ಲೇ ಕೊನೆ, ನಡುವಿನ ಮೂವತ್ತು ವರ್ಷ ಗಣಿಯೊಳಗೆ’ ಅಂದರು ಗೈಡ್. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಮಂಡಿಯ ವಿಷಯ. ಎರಡು ತಾಸಿನ ನಡಿಗೆಯಲ್ಲಿ ಮೆಟ್ಟಿಲು ಬಹಳ, ನಿಜ. ಕಾದಿರಿಸುವಾಗಲೇ ಮಗ ಕೇಳಿಕೊಳ್ಳಲಿ. ಆಗದಿದ್ದರೆ ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲೀಗ ರೂರ್ ಮ್ಯೂಸಿಯಂ ಇದೆ. ಕಿತ್ತಳೆ ಬಣ್ಣದ ಉದ್ದನೆಯ ಎಸ್ಕಲೇಟರ್ ನಿಮ್ಮನ್ನು 24 ಮೀಟರ್ ಎತ್ತರಕ್ಕೆ ಕೂಡಲೇ ಮುಟ್ಟಿಸುತ್ತದೆ. ಯಜಮಾನರು ನಡೆಯಲಿ, ನೀವು ಅಲ್ಲಿ ಕಾಯಿರಿ.

ಪ್ರಶ್ನೆ: ರೂರ್‌ನಲ್ಲಿ ಗಣಿಯೊಳಗೆ ಇಳಿಸುತ್ತಾರಾ? ಮೊಮ್ಮಕ್ಕಳಿಗೆ ಅದೇ ಆಸೆ.

ಉತ್ತರ: ಝೋಲ್‌ಫೆರೈನ್‌ನಲ್ಲಿ ಇಲ್ಲ. ಬೋಖುಮ್ ಊರಿನ ಗಣಿ ಮ್ಯೂಸಿಯಂಗೆ ಕರೆದೊಯ್ಯಿರಿ. ಅಲ್ಲಿ ನೆಲದಿಂದ ಸುಮಾರು 20 ಮೀಟರ್ ಕೆಳಗೆ ಸುರಂಗಗಳ ಜಾಲವೇ ಇದೆ, ಯಂತ್ರಗಳೂ ಅಸಲಿ. ಆದರೆ ಅಲ್ಲಿ ಒಂದು ಹಿಡಿ ಕಲ್ಲಿದ್ದಲನ್ನೂ ಯಾರೂ ಅಗೆದಿಲ್ಲ, ತೋರಿಸಲೆಂದೇ ಕೊರೆದದ್ದು. ಮೇಲಿನ ಹಸಿರು ಗೋಪುರ ಕೂಡ ಡಾರ್ಟ್‌ಮುಂಡ್‌ನ ಒಂದು ಗಣಿಯಿಂದ ಕಿತ್ತು ತಂದು ನಿಲ್ಲಿಸಿದ್ದು. ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಡಿ.

ಪ್ರಶ್ನೆ: ಗಾಳಿ, ನೀರು, ನೆಲ ಎಲ್ಲ ಕೆಡಿಸಿದ ಗಣಿಯನ್ನು ‘ಪರಂಪರೆ’ ಅಂತ ಮೆರೆಸುವುದು ಸರಿಯೇ?

ಉತ್ತರ: ಈ ಅನುಮಾನ ನನಗೂ ಇತ್ತು. ಪರಂಪರೆ ಅಂದರೆ ಬರೀ ಒಡವೆ ಅಂದುಕೊಳ್ಳುತ್ತೇವೆ, ಸಾಲವೂ ಪಿತ್ರಾರ್ಜಿತವೇ. ಒಳ್ಳೆಯ ಗೈಡ್ ಆ ಸಾಲದ ಲೆಕ್ಕವನ್ನೂ ಬಿಚ್ಚುತ್ತಾನೆ. ಬಿಚ್ಚದವನಿಗೆ ನೀವೇ ಕೇಳಿ.

ನೂರೈವತ್ತು ವರ್ಷ ನೆಲದಡಿಯಿಂದ ಬಗೆದು ತೆಗೆದದ್ದಕ್ಕೆ ಮೇಲಿನ ನೆಲ ಕುಸಿದಿದೆ. ಕೆಲವು ಕಡೆ 20 ಮೀಟರಿಗೂ ಹೆಚ್ಚು, ಆರು ಅಂತಸ್ತಿನ ಮನೆಯಷ್ಟು. ಕುಸಿದ ಬಟ್ಟಲಿನಂಥ ಜಾಗದಲ್ಲಿ ಮಳೆನೀರು ತಾನಾಗಿ ಹರಿದುಹೋಗುವುದಿಲ್ಲ, ಪಂಪು ಹಾಕಿ ಎತ್ತಬೇಕು. ಗಣಿಯ ಆಳದಲ್ಲಿ ಏರುವ ನೀರು ಕುಡಿಯುವ ನೀರಿಗೆ ಸೇರದಂತೆ ಅದನ್ನೂ ಎತ್ತುತ್ತಿರಬೇಕು. ಎಷ್ಟು ವರ್ಷ ಅಂತ ನಮ್ಮ ಗೈಡನ್ನು ಕೇಳಿದೆ. ‘ಯಾವಾಗಲೂ’ ಅಂದರು. ಮಾತಿಗೆ ಹೇಳಿದ್ದಲ್ಲ, ಸರ್ಕಾರಿ ಕಾಗದದಲ್ಲೇ ಅದಕ್ಕೆ ‘ಅನಂತಕಾಲದ ಕೆಲಸ’ ಅಂತ ಹೆಸರು. ಅದರ ಖರ್ಚಿಗೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಮಾಡಿದ್ದಾರೆ. ಗಣಿ ಮುಚ್ಚಿದೆ ಅನ್ನುತ್ತೇವೆ, ಪಂಪು ಮಾತ್ರ ಹಗಲೂ ರಾತ್ರಿ ಓಡುತ್ತಿದೆ.

ಎಂಶರ್ ನದಿಯ ಕಥೆ ಇನ್ನೂ ವಿಚಿತ್ರ. ಅಲುಗಾಡುವ ನೆಲದಲ್ಲಿ ಒಳಚರಂಡಿ ಕೊಳವೆ ಹಾಕಿದರೆ ಒಡೆದುಹೋಗುತ್ತದೆ. ಅದಕ್ಕೇ ನೂರು ವರ್ಷಕ್ಕೂ ಹೆಚ್ಚು ಕಾಲ ಆ ನದಿಯನ್ನೂ ಅದಕ್ಕೆ ಸೇರುವ ಹಳ್ಳಗಳನ್ನೂ ಕಾಂಕ್ರೀಟ್ ತೊಟ್ಟಿಯಲ್ಲಿ ಹರಿಸಿ ಇಡೀ ಪ್ರದೇಶದ ಬಚ್ಚಲಾಗಿ ಬಳಸಿದರು. ಗಣಿಗಳು ದೂರ ಸರಿದು ನೆಲ ನಿಂತಮೇಲೆ, 1990ರ ದಶಕದಲ್ಲಿ, ನೆಲದಾಳದಲ್ಲಿ ಕೊಳವೆ ಹಾಕಲು ಶುರುಮಾಡಿದರು. 500 ಕೋಟಿ ಯೂರೋಗೂ ಹೆಚ್ಚು ಸುರಿದು, 2021ರ ಕೊನೆಗೆ ಎಂಶರ್ ಕೊಳಚೆಯಿಂದ ಬಿಡುಗಡೆಯಾಯಿತು.

ಮಗಳ ಮನೆ ಹಿಂದೆ ಅಂಥದೇ ಒಂದು ಹಳ್ಳ. ಈಗ ಕಾಂಕ್ರೀಟ್ ಕಿತ್ತಿದ್ದಾರೆ, ದಡದಲ್ಲಿ ಜೊಂಡು, ಬಾತುಕೋಳಿ. ನಾನು ಮಗುವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಸಂಜೆ ಅಲ್ಲೇ ಓಡಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕೆಲವೊಮ್ಮೆ ಜತೆಗೆ ಬರುತ್ತಿದ್ದರು. ಅವರ ಬಾಯಲ್ಲಿ ಆ ಹಳ್ಳಕ್ಕಿರುವ ಹಳೇ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ, ಕಕ್ಕದ ಹಳ್ಳ ಅನ್ನಬಹುದು. ಗಂಡ, ಮೈದುನ ಇಬ್ಬರೂ ಗಣಿಯಲ್ಲಿದ್ದವರಂತೆ. ನೀರು ತಿಳಿಯಾಗಿ ವರ್ಷಗಳೇ ಆಗಿವೆ, ಆದರೂ ಸೇತುವೆ ಹತ್ತಿರ ಬಂದಾಗಲೆಲ್ಲ ಅಜ್ಜಿಯ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಆಮೇಲೆ ನೆನಪಾಗಿ, ನಕ್ಕು, ಕೆಳಗಿಳಿಸುತ್ತಿದ್ದರು.