ಮಳೆ ಬಂದರೆ ನೆಟ್ಟೂ ಇಲ್ಲ, ಟಿವಿಯೂ ಇಲ್ಲ. ಕಾಪು ಕಡೆಯ ಮನೆಗೆ ಯಾವ ಕನೆಕ್ಷನ್ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಕಾಪು ಹತ್ತಿರ ಹಳೆಯ ಕೆಂಪುಕಲ್ಲಿನ ಮನೆ. ಅಪ್ಪ ಅಮ್ಮ ಇಬ್ಬರೇ ಇರುವುದು, ನೀವು ಬೆಂಗಳೂರಿನಲ್ಲಿ. ಜೋರು ಮಳೆ ಬಂದರೆ ಡಿಶ್ ಕೈಕೊಡುತ್ತದೆ, ಫೈಬರ್ ನೆಟ್ ಕೂಡ ಆಗಾಗ ಹೋಗುತ್ತದೆ. ಕಂಪನಿ ಬದಲಿಸಬೇಕಾ, ಡಿಶ್ ತೆಗೆದು ಎಲ್ಲವನ್ನೂ ನೆಟ್‌ನಲ್ಲೇ ನೋಡುವ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ.

ನಾನು ಉಡುಪಿಯಲ್ಲಿ ಸಿಸಿಟಿವಿ ಮತ್ತು ನೆಟ್‌ವರ್ಕ್ ವೈರಿಂಗ್ ಕೆಲಸ ಮಾಡುತ್ತೇನೆ. ಜೂನ್ ಬಂತೆಂದರೆ ಇದೇ ಮಾತು ಕೇಳುತ್ತೇನೆ. ಕಂಪನಿಯ ಹೆಸರು ನೋಡಿ ಬದಲಿಸಲು ಹೋಗಬೇಡಿ. ಕಂಬದಿಂದ ನಿಮ್ಮ ಮನೆಗೆ ಲೈನ್ ಹೇಗೆ ಬಂದಿದೆ, ಅದು ಹೋದರೆ ಮಳೆಯಲ್ಲಿ ಯಾರು ಬರುತ್ತಾರೆ, ಈ ಎರಡನ್ನು ನೋಡಿ. ಡಿಶ್ಶನ್ನು ಸದ್ಯಕ್ಕೆ ತೆಗೆಸಬೇಡಿ.

ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ. ಮುಂದಿನ ಸಲ ನೆಟ್ ಹೋದಾಗ ಫೈಬರ್ ಬಂದು ಸೇರುವ ಪೆಟ್ಟಿಗೆಯ ಫೋಟೋ ತೆಗೆದು ಮೊಬೈಲ್ ಡೇಟಾದಲ್ಲಿ ಕಳಿಸಲು ಅಮ್ಮನಿಗೆ ಹೇಳಿ. ಅದರಲ್ಲಿ ಪಾನ್ (PON), ಲಾಸ್ (LOS) ಅಂತ ಸಣ್ಣ ದೀಪಗಳಿರುತ್ತವೆ. ಲಾಸ್ ಕೆಂಪಾಗಿದ್ದರೆ ಬೆಳಕು ಮನೆಯ ತನಕ ಬರುತ್ತಿಲ್ಲ ಅಂತ ಅರ್ಥ. ಕೇಬಲ್ ಕಡಿದಿದೆ, ಇಲ್ಲವೇ ಎಲ್ಲೋ ಮಡಚಿದೆ. ಆಗ ಪೆಟ್ಟಿಗೆಯನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ. ಲಾಸ್ ಆರಿದ್ದು ಪಾನ್ ಮಿಟುಕುತ್ತಾ ಇದ್ದರೆ ಕಂಪನಿ ಕಡೆಯ ಯಂತ್ರದ ಜೊತೆ ಸಂಪರ್ಕ ಕೂಡುತ್ತಿಲ್ಲ. ದೀಪಗಳೆಲ್ಲ ಸರಿ ಇದ್ದೂ ನೆಟ್ ಇಲ್ಲದಿದ್ದರೆ ಪ್ಯಾಕ್ ಮುಗಿದಿರಬಹುದು, ಅಥವಾ ವೈಫೈ ಸಮಸ್ಯೆ ಇರಬಹುದು. ಒಂದೂ ದೀಪ ಇಲ್ಲದಿದ್ದರೆ ಅಡಾಪ್ಟರ್ ನೋಡಿ. ಮಳೆಗಾಲದಲ್ಲಿ ಸಾಯುವುದು ಜಾಸ್ತಿ ಅದೇ.

ನಿಮ್ಮದು 'ಮಳೆ ಬಂದಾಗ ಮಾತ್ರ' ಅನ್ನುವ ಕೇಸ್. ಹಾಗಾಗಿ ನನಗೆ ಲೈನ್ ಮೇಲೆಯೇ ಅನುಮಾನ. ಬ್ರಹ್ಮಾವರದ ಕಡೆ ಒಂದು ಮನೆಯಲ್ಲಿ ಇದನ್ನೇ ನೋಡಿದ್ದೇನೆ. ಬಿಸಿಲಿದ್ದರೆ ನೆಟ್ ಸರಿ, ಗಾಳಿ ಮಳೆ ಶುರುವಾದರೆ ಇಲ್ಲ. ಕಂಬದಿಂದ ಬಂದ ಕಪ್ಪು ಕೇಬಲನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಿದ್ದರು. ಅಲ್ಲಿಂದ ಕಿಟಕಿಯ ಸರಳಿಗೆ ತಂದು, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದು, ಬೆರಳು ಮಡಚಿದ ಹಾಗೆ ಮಡಚಿ ಒಳಗೆ ನುಗ್ಗಿಸಿದ್ದರು. ಗಾಳಿಗೆ ಮರ ತೂಗಿದಾಗಲೆಲ್ಲ ಆ ಮಡಿಕೆ ಇನ್ನಷ್ಟು ಬಿಗಿಯುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ, ಒಳಗೆ ಹೋಗುವುದು ಬೆಳಕು. ಗಟ್ಟಿಯಾಗಿ ಮಡಚಿದ ಜಾಗದಲ್ಲಿ ಬೆಳಕು ಹೊರಗೆ ಸೋರುತ್ತದೆ. ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಹಿಡಿದರೆ ಮೈನಸ್ 28 ತೋರಿಸಿತು. ಟ್ಯಾಗ್ ಕತ್ತರಿಸಿ, ಕೇಬಲನ್ನು ಅಗಲ ಸುತ್ತಾಗಿ ಬಿಟ್ಟ ಮೇಲೆ ಮೈನಸ್ 22ಕ್ಕೆ ಬಂತು. ಬೇರೇನೂ ಬದಲಿಸಲಿಲ್ಲ, ಪೆಟ್ಟಿಗೆಯೂ ಅದೇ, ಕಂಪನಿಯೂ ಅದೇ.

ಈ ಸಂಖ್ಯೆಯನ್ನು ನೀವೂ ಕೇಳಿ ಪಡೆಯಬೇಕು. ಅದನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮೈನಸ್ 15ರಿಂದ 24ರ ಒಳಗಿದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಮನೆಯ ಪೆಟ್ಟಿಗೆಗೆ ಬೆಳಕು ಸಾಲುವುದಿಲ್ಲ. ಮೂರು ಅಂಕಿ ಕೆಳಗೆ ಹೋಯಿತೆಂದರೆ ಬೆಳಕು ಅರ್ಧಕ್ಕೆ ಇಳಿದಿದೆ ಅಂತ ಲೆಕ್ಕ. ಮೈನಸ್ 26ರಲ್ಲಿ ಬಿಟ್ಟು ಹೋದ ಲೈನ್ ಮೇ ತಿಂಗಳಲ್ಲಿ ಚೆನ್ನಾಗಿಯೇ ಓಡುತ್ತದೆ, ಜುಲೈನಲ್ಲಿ ಓಡುವುದಿಲ್ಲ. ರಿಪೇರಿಗೆ ಬಂದವರಿಗೆ ಅಪ್ಪ ಒಂದೇ ಮಾತು ಹೇಳಲಿ: "ಮೀಟರ್ ಹಿಡಿದು ಎಷ್ಟಿದೆ ಅಂತ ಬರೆದು ಕೊಡಿ ಮಾರಾಯ್ರೆ." ಆಮೇಲೆ ಕೆಲಸದ ರೀತಿಯೇ ಬೇರೆಯಾಗುತ್ತದೆ.

ಲೈನ್ ಮರದ ಮೇಲಿಂದ ಬಂದಿದ್ದರೆ ತಪ್ಪಿಸಿ. ಒಂದು ಒಣ ಮಡಲು ಬಿದ್ದರೆ ಸಾಕು. ಅಂಗಳದಲ್ಲಿ ಒಂದು ಜಿಐ ಪೈಪ್ ನೆಟ್ಟು ಅದರ ಮೇಲಿಂದ ತನ್ನಿ. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೇರಬೇಕು, ಆಗ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನಡುವೆ ಜೋಡಣೆ ಇದ್ದರೆ ಅದು ಮುಚ್ಚಿದ ಡಬ್ಬಿಯೊಳಗೆ ಇರಬೇಕು. ಇನ್ಸುಲೇಶನ್ ಟೇಪ್ ಸುತ್ತಿ ಕಂಬಕ್ಕೆ ನೇತು ಹಾಕಿದರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಇನ್ನು ಕರೆಂಟ್. ಮನೆಯಲ್ಲಿ ಇನ್‌ವರ್ಟರ್ ಇದ್ದರೂ ಪೆಟ್ಟಿಗೆಯ ಪ್ಲಗ್ ಇನ್‌ವರ್ಟರ್ ಲೈನ್‌ನಲ್ಲಿ ಇರುವುದಿಲ್ಲ, ಇದನ್ನು ಎಷ್ಟೋ ಕಡೆ ನೋಡಿದ್ದೇನೆ. ಇನ್‌ವರ್ಟರ್ ಇಲ್ಲದಿದ್ದರೆ ರೂಟರಿಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ತಗೊಳ್ಳಿ. ಪೆಟ್ಟಿಗೆಯ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ ಯುಪಿಎಸ್ಸೂ 12 ವೋಲ್ಟಿನದೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಕೆಲವು ಗಂಟೆ ಆರಾಮಾಗಿ ಓಡುತ್ತದೆ.

ಆದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೆ ಮಾತ್ರ ಸಾಲದು. ದೊಡ್ಡ ಕಂಪನಿಗಳ ಫೈಬರ್‌ನಲ್ಲಿ ಸಾಮಾನ್ಯವಾಗಿ ಎಕ್ಸ್‌ಚೇಂಜ್‌ನಿಂದ ಮನೆಯ ತನಕ ನಡುವೆ ಎಲ್ಲೂ ಕರೆಂಟ್ ಬೇಕಾಗುವುದಿಲ್ಲ. ಬೆಳಕನ್ನು ಹಂಚುವುದು ಬರಿಯ ಗಾಜಿನ ಸ್ಪ್ಲಿಟರ್. ಕೆಲವು ಸಣ್ಣ ಆಪರೇಟರ್‌ಗಳು ಮಾತ್ರ ಕಂಬದಲ್ಲಿ ಅಥವಾ ಯಾರದೋ ಅಂಗಡಿಯಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ (ಒಂದು ಲೈನನ್ನು ಹಲವು ಮನೆಗೆ ಹಂಚುವ, ಕರೆಂಟಿನಿಂದ ಓಡುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಮನೆಗಳಿಗೆ ಲ್ಯಾನ್ ಕೇಬಲ್ ಎಳೆಯುತ್ತಾರೆ. ಆ ಅಂಗಡಿಯ ಕರೆಂಟ್ ಹೋದರೆ ನಿಮ್ಮ ನೆಟ್ಟೂ ಹೋಯಿತು. ಸಿಡಿಲು ಬಂದರೆ ಆ ತಾಮ್ರದ ಕೇಬಲ್ ಹಿಡಿದುಕೊಂಡು ರೂಟರ್ ತನಕ ಬರುತ್ತದೆ. "ನಡುವೆ ಕರೆಂಟಿನ ಪೆಟ್ಟಿಗೆ ಇದೆಯಾ?" ಅಂತ ಕೇಳಿ. ಇದೆ ಅಂದರೆ ಬೇಡ ಅನ್ನಿ.

ಸಿಡಿಲಿನ ಮಾತು ಬಂತಲ್ಲ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಅಡಾಪ್ಟರ್ ಇರುವ ಪ್ಲಗ್‌ನಿಂದ ಬರುತ್ತದೆ. ಡಿಶ್ಶಿನ ಕೇಬಲ್‌ನಿಂದಲೂ ಬರುತ್ತದೆ. ಗುಡುಗು ಶುರುವಾದರೆ ಟಿವಿ ಪ್ಲಗ್ ಎಳೆಯುವುದು ನಮ್ಮ ಊರಿನ ಹಿರಿಯರಿಗೆ ಅಭ್ಯಾಸ. ನೆಟ್ ಪೆಟ್ಟಿಗೆಯದನ್ನೂ ಎಳೆಯಲು ಹೇಳಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಇದು ಮುಖ್ಯ.

ಡಿಶ್ ಯಾಕೆ ಹೋಗುತ್ತದೆ? ಡಿಟಿಎಚ್ ಬರುವುದು 12 ಗಿಗಾಹರ್ಟ್ಜ್ ಆಸುಪಾಸಿನ ಕೆಯು ಬ್ಯಾಂಡ್‌ನಲ್ಲಿ. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ, ದಪ್ಪ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಯಾವ ಕಂಪನಿಯದಾದರೂ ಇಷ್ಟೇ. ಆದರೆ ಸಣ್ಣ ಮಳೆಗೂ ಹೋಗುತ್ತಿದ್ದರೆ ಅದು ಮಳೆಯ ತಪ್ಪಲ್ಲ. ನಮ್ಮಲ್ಲಿಂದ ಉಪಗ್ರಹಗಳು ಆಗ್ನೇಯದ ಕಡೆ ಇವೆ. ಆ ದಿಕ್ಕಿನಲ್ಲಿ ಡಿಶ್ ಹಾಕುವಾಗ ಇಲ್ಲದಿದ್ದ ತೆಂಗು ಈಗ ಎತ್ತರಕ್ಕೆ ಬೆಳೆದಿದೆಯಾ ನೋಡಿ. ಕೇಬಲ್ ತುದಿಯ ಕನೆಕ್ಟರ್ ಬಿಚ್ಚಿ ನೋಡಿ. ಕಡಲ ಗಾಳಿಗೆ ಒಳಗಿನ ತಾಮ್ರದ ತಂತಿ ಹಸಿರು ಹಿಡಿದಿದ್ದರೆ ಒಂದಿಷ್ಟು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ. ಡಿಶ್ ಚೂರು ತಿರುಗಿದ್ದರೂ ಬಿಸಿಲಲ್ಲಿ ಗೊತ್ತಾಗುವುದಿಲ್ಲ. ಸರಿಯಾಗಿ ತಿರುಗಿಸಿದರೆ ಜಡಿಮಳೆಯಲ್ಲಿ ಬಿಟ್ಟು ಉಳಿದ ಹೊತ್ತು ನಿಲ್ಲುತ್ತದೆ.

ಎಲ್ಲವನ್ನೂ ನೆಟ್‌ನಲ್ಲಿ ನೋಡುವ ವಿಚಾರ. ವೇಗದ ಚಿಂತೆ ಬೇಡ, ಎಚ್‌ಡಿಗೆ 5 ಎಂಬಿಪಿಎಸ್, ಫೋರ್‌ಕೆಗೆ 15 ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಇಬ್ಬರಿಗೆ 30ರಿಂದ 50ರ ಪ್ಲಾನ್ ಧಾರಾಳ. ನನ್ನ ಚಿಂತೆ ಬೇರೆ. ನ್ಯೂಸ್, ಧಾರಾವಾಹಿ, ಯಕ್ಷಗಾನ ಎಲ್ಲ ಒಂದೇ ಎಳೆಯಲ್ಲಿ ಬಂದರೆ, ಆ ಎಳೆ ಕಡಿದ ದಿನ ಅಪ್ಪ ಅಮ್ಮನಿಗೆ ಏನೂ ಇಲ್ಲ. ಇಬ್ಬರೇ ಇರುವ ಮನೆಯಲ್ಲಿ ಟಿವಿ ಬರಿಯ ಮನರಂಜನೆಯಲ್ಲ. ರಿಮೋಟ್‌ನಲ್ಲಿ ನಂಬರ್ ಒತ್ತಿದರೆ ಚಾನೆಲ್ ಬರಬೇಕು ಅವರಿಗೆ. ಕೇಬಲ್‌ನವರು ಟಿವಿ ಮತ್ತು ನೆಟ್ ಸೇರಿಸಿ ಒಂದೇ ಫೈಬರ್‌ನಲ್ಲಿ ಕೊಡುತ್ತೇವೆ ಅಂದರೂ ಇದೇ ತೊಂದರೆ. ಊರಿನ ಸ್ಥಳೀಯ ಚಾನೆಲ್ ಬೇಕಾದರೆ ಮಾತ್ರ ಕೇಬಲ್ ಟಿವಿ ಯೋಚಿಸಿ, ನೆಟ್ ಬೇರೆಯವರದು ಇರಲಿ.

ಹಾಗಾದರೆ ಯಾರದು? ಬಿಎಸ್‌ಎನ್‌ಎಲ್ ಫೈಬರನ್ನು ಬಹಳ ಕಡೆ ಸ್ಥಳೀಯ ಪಾಲುದಾರರೇ ಮನೆಗೆ ತಂದು ನೋಡಿಕೊಳ್ಳುತ್ತಾರೆ. ಅವರ ಕಡೆಯಿಂದ ರಿಪೇರಿಗೆ ಬರುವ ಹುಡುಗ ಒಳ್ಳೆಯವನಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಏರ್‌ಟೆಲ್, ಜಿಯೋ ಫೈಬರ್ ನಿಮ್ಮ ರಸ್ತೆಯಲ್ಲಿದ್ದರೆ ಅದೂ ಆಗಬಹುದು. ಏರ್‌ಫೈಬರ್ ಅಂದರೆ 5ಜಿ ಟವರ್‌ನಿಂದ ಗಾಳಿಯಲ್ಲಿ ಬರುವ ನೆಟ್. 3.5 ಗಿಗಾಹರ್ಟ್ಜ್ ಸುತ್ತಿನ ಅಲೆಯನ್ನು ಮಳೆ ಹನಿ ಅಷ್ಟಾಗಿ ತಡೆಯುವುದಿಲ್ಲ, ಒದ್ದೆ ಎಲೆಗಳು ತಡೆಯುತ್ತವೆ. ತೋಟದ ನಡುವಿನ ಮನೆಗೆ ನಾನು ಹೇಳುವುದಿಲ್ಲ. ನಿಮ್ಮ ಓಣಿಯಲ್ಲಿ ಮೂರು ಮನೆಗೆ ಹೋಗಿ ಕೇಳಿ: ಕಳೆದ ಜುಲೈನಲ್ಲಿ ನೆಟ್ ಹೋದಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು? ಆ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ವೈಫೈ ಬಗ್ಗೆ ಒಂದೇ ಮಾತು. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟುವಾಗ 5 ಗಿಗಾಹರ್ಟ್ಜ್ ವೈಫೈ ಸಿಗ್ನಲ್ ಸತ್ತೇ ಹೋಗುತ್ತದೆ. ಪೆಟ್ಟಿಗೆಯನ್ನು ಚಾವಡಿಯಲ್ಲಿ, ಟಿವಿ ಇರುವಲ್ಲೇ ಎತ್ತರಕ್ಕೆ ಇಡಿ. ಹಿಂದಿನ ಕೋಣೆಗೆ ಬೇಕಾದರೆ ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಹಾಕಿ.

ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ತಪ್ಪದೆ ಬರೆದುಕೊಳ್ಳಿ. ಕೆಲಸ ಆಗದಿದ್ದರೆ ಅದೇ ನಂಬರ್ ಹಿಡಿದು ಆ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಒಬ್ಬೊಬ್ಬರ ದೂರು ತಗೊಳ್ಳುವುದಿಲ್ಲ, ಅಲ್ಲಿಗೆ ಸುಮ್ನೆ ಬರೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಗೂ ಬದಲಿಸುವುದೇ ಅಂತಾದರೆ ಮೇ ತಿಂಗಳಲ್ಲಿ ನೀವು ಊರಿಗೆ ಬಂದಾಗ, ನಿಮ್ಮ ಕಣ್ಣೆದುರೇ ಲೈನ್ ಎಳೆಸಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಕಡಿಮೆ ಅಂತ ಆಸೆ ತೋರಿಸುತ್ತಾರೆ. ತಿಂಗಳ ಪ್ಯಾಕನ್ನೇ ತಗೊಳ್ಳಿ. ಜೂನ್, ಜುಲೈ ದಾಟಿದ ಮೇಲೆ ವರ್ಷದ್ದು ಕಟ್ಟಿದರಾಯಿತು.