ಛಾವಣಿಯ ಬಿಸಿ ತಡೆಯದೆ ಇಂಗಾಲ ಇಳಿಯದು

ಕಟ್ಟಡಗಳ ಇಂಧನ ಬಳಕೆಯ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ನಂಬಿಕೆಯ ಮೇಲೆ ನಿಂತಿರುತ್ತವೆ. ಛಾವಣಿಯ ಮೇಲೆ ಸೋಲಾರ್ ಫಲಕ ಕೂರಿಸಿದರೆ ಆ ಮನೆಯ ಇಂಗಾಲದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಎಂಬುದು ಆ ನಂಬಿಕೆ. ಫಲಕ ಮಾರುವವರು ಹೀಗೆ ಹೇಳುವುದು ಅವರ ವ್ಯಾಪಾರ. ಆದರೆ ಮನೆ ಕಟ್ಟಿಸಿಕೊಡುವ ಎಂಜಿನಿಯರುಗಳೂ ಇದನ್ನೇ ಹೇಳಿ ಜನರ ಹಣ ಖರ್ಚು ಮಾಡಿಸುತ್ತಿರುವುದರಿಂದ ಈ ಸಲ ಅಂಥ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಯುನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ ವಿದ್ಯುತ್. ನೆಟ್ ಮೀಟರ್ ಎಂದರೆ ನಿಮ್ಮ ಫಲಕದಿಂದ ಗ್ರಿಡ್‌ಗೆ, ಅಂದರೆ ವಿದ್ಯುತ್ ಜಾಲಕ್ಕೆ, ಹೋದ ಯುನಿಟ್‌ಗಳನ್ನು ನೀವು ಅಲ್ಲಿಂದ ಪಡೆದ ಯುನಿಟ್‌ಗಳಲ್ಲಿ ಕಳೆದು ಲೆಕ್ಕ ಹಾಕುವ ಮೀಟರ್.

ಪ್ರಶ್ನೆ: ಮೇಡಂ, ಕಲಬುರಗಿಯಲ್ಲಿ 30×50 ನಿವೇಶನದಲ್ಲಿ ನಮ್ಮದು ಎರಡು ಅಂತಸ್ತಿನ ಆರ್‌ಸಿಸಿ ಮನೆ. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಅಂತಸ್ತಿನಲ್ಲಿ ರಾತ್ರಿಯೂ ಮಲಗಲು ಆಗುವುದಿಲ್ಲ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇದೆ. 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಎರಡು ಎಸಿ ಕೂರಿಸಿದರೆ ಮನೆ ‘ಶೂನ್ಯ ಇಂಗಾಲ’ ಆಗುತ್ತದೆ ಎಂದು ಕಂಪನಿಯವರು ಹೇಳುತ್ತಾರೆ. ಮೇಲಿನ ಅಂತಸ್ತನ್ನು ಕೆಡವಿ ಹಸಿರು ಕಟ್ಟಡವಾಗಿ ಹೊಸದಾಗಿ ಕಟ್ಟಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಮೊದಲಿಗೆ ಕಂಪನಿಯವರ ಲೆಕ್ಕವನ್ನೇ ನೋಡೋಣ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯುನಿಟ್ ಕೊಡುತ್ತದೆ, ಅಂದರೆ 3 ಕಿಲೋವ್ಯಾಟ್‌ನಿಂದ ಸುಮಾರು 12 ಯುನಿಟ್. ಕಾದ ಕಾಂಕ್ರೀಟಿನ ಕೆಳಗೆ ಓಡುವ ಒಂದೂವರೆ ಟನ್ನಿನ ಎಸಿ ಗಂಟೆಗೆ ಸುಮಾರು ಒಂದು ಯುನಿಟ್ ತಿನ್ನುತ್ತದೆಂದು ಇಟ್ಟುಕೊಂಡರೂ ಎರಡು ಎಸಿ ರಾತ್ರಿ ಎಂಟು ಗಂಟೆ ಓಡಿದರೆ 16 ಯುನಿಟ್ ಆಯಿತು. ಫ್ರಿಜ್, ಪಂಪು, ಗೀಸರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಸಮಯದ ಪ್ರಶ್ನೆ. ನಿಮ್ಮ ಫಲಕ ವಿದ್ಯುತ್ ಕೊಡುವುದು ಮಧ್ಯಾಹ್ನ, ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಪೂರ್ಣ ಉತ್ಪಾದನೆಯಲ್ಲಿರುವ ಹೊತ್ತಿನಲ್ಲಿ. ನೀವು ಎಸಿ ಹಾಕುವುದು ರಾತ್ರಿ ಹತ್ತಕ್ಕೆ, ಬೇಸಿಗೆಯಲ್ಲಿ ಜಲಾಶಯಗಳ ನೀರನ್ನು ಎಣಿಸಿ ಬಳಸುತ್ತಿರುವಾಗ, ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲು ಘಟಕಗಳ ಮೇಲೆ ಭಾರ ಬೀಳುವ ಹೊತ್ತಿನಲ್ಲಿ. ನೆಟ್ ಮೀಟರ್ ಕಾಗದದ ಮೇಲೆ ಎರಡನ್ನೂ ವಜಾ ಮಾಡುತ್ತದೆ. ಚಿಮಣಿಯಿಂದ ಹೊರಟ ಹೊಗೆಯನ್ನು ವಜಾ ಮಾಡುವುದಿಲ್ಲ. ದೇಶದ ಗ್ರಿಡ್‌ನಲ್ಲಿ ಒಂದು ಯುನಿಟ್‌ಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಕಲ್ಲಿದ್ದಲಿನಿಂದಲೇ ಬಂದ ಯುನಿಟ್‌ಗೆ ಅದು ಇನ್ನೂ ಹೆಚ್ಚು.

ಸೋಲಾರ್ ಬೇಡವೆಂದು ನಾನು ಹೇಳುತ್ತಿಲ್ಲ. ಪಿಎಂ ಸೂರ್ಯಘರ್ ಯೋಜನೆಯಡಿ 2024ರಿಂದ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಅದನ್ನು ಖಂಡಿತ ಬಳಸಿಕೊಳ್ಳಿ. ಆದರೆ ಅದು ಎರಡನೆಯ ಕೆಲಸ. ಮೊದಲ ಕೆಲಸವೆಂದರೆ ಬಿಸಿ ಒಳಗೆ ಬಾರದಂತೆ ನೋಡಿಕೊಳ್ಳುವುದು.

ಕಲಬುರಗಿಯ ಅಕ್ಷಾಂಶಕ್ಕೆ ಮೇ ತಿಂಗಳ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ಆದ್ದರಿಂದ ಗೋಡೆಗಳಿಗಿಂತ ಛಾವಣಿಯೇ ಹೆಚ್ಚು ಬಿಸಿಲು ಕುಡಿಯುತ್ತದೆ. ಆರು ಇಂಚಿನ ಬರಿಯ ಕಾಂಕ್ರೀಟ್ ಚಪ್ಪಡಿಯ ಶಾಖ ದಾಟಿಸುವ ಪ್ರಮಾಣ, ಅಂದರೆ ಯು-ಮೌಲ್ಯ, 3ಕ್ಕಿಂತ ಹೆಚ್ಚಿರುತ್ತದೆ. ವಸತಿ ಕಟ್ಟಡಗಳಿಗೆಂದು ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಛಾವಣಿಗೆ ಹಾಕಿದ ಮಿತಿ 1.2. ಹಗಲೆಲ್ಲ ಬಿಸಿ ಕುಡಿದ ಚಪ್ಪಡಿ ಅದನ್ನು ಒಳಕ್ಕೆ ಬಿಡುವುದು ಸೂರ್ಯ ಮುಳುಗಿದ ಮೇಲೆ, ಆದ್ದರಿಂದಲೇ ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲ. ಚಪ್ಪಡಿಯ ಮೇಲೆ ಎರಡು ಇಂಚು ದಪ್ಪದ ಎಕ್ಸ್‌ಪಿಎಸ್ ಹಾಳೆ, ಅಂದರೆ ಶಾಖ ತಡೆಯುವ ಗಟ್ಟಿ ಫೋಮ್ ಹಾಳೆ, ಹಾಸಿದರೆ ಯು-ಮೌಲ್ಯ 0.5ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಗಾರೆ ಹಾಕಿ ಬಿಳಿಯ ಚೀನಾ ಮೊಸಾಯಿಕ್ ಚೂರು ಕೂರಿಸಿದರೆ ಬಿಸಿಲಿನ ದೊಡ್ಡ ಪಾಲು ಅಲ್ಲಿಂದಲೇ ಹಿಂತಿರುಗುತ್ತದೆ.

ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ಮಾತಿದೆ. ಛಾವಣಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ಸೋರಿಕೆ ಪರೀಕ್ಷಿಸದೆ, ಸೋರುವ ಕಡೆ ಸರಿಪಡಿಸದೆ, ಮೇಲೆ ಏನನ್ನೂ ಹಾಸಬೇಡಿ. ಒಮ್ಮೆ ಹಾಸಿದ ಮೇಲೆ ಸೋರಿಕೆಯ ಮೂಲ ಸಿಗುವುದಿಲ್ಲ. ಹಾಗೆಯೇ ಹಾಳೆಯನ್ನು ಒಳಗಡೆ ಫಾಲ್ಸ್ ಸೀಲಿಂಗ್‌ನಲ್ಲಿ ತುರುಕುವ, ಅದರಲ್ಲೂ ಥರ್ಮಾಕೋಲ್ ತುರುಕುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಚಪ್ಪಡಿ ಆಗಲೂ ಕಾಯುತ್ತದೆ, ಮೇಲಾಗಿ ಥರ್ಮಾಕೋಲಿಗೆ ಬೆಂಕಿ ಬೇಗ ಹತ್ತುತ್ತದೆ. ಇಷ್ಟಕ್ಕೆಲ್ಲ ಹಣ ಈ ವರ್ಷ ಇಲ್ಲದಿದ್ದರೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಸಿ, ಧೂಳು ಕೂತಾಗ ತೊಳೆಯಿರಿ. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ಛಾವಣಿಗಳಿಗೆಂದೇ ಒಂದು ನೀತಿ ತಂದಿದೆ. ಆದರೆ ಒಂದು ಕೋಟಿಂಗ್ ಬಳಿದ ಮಾತ್ರಕ್ಕೆ ಕೋಣೆ ಹತ್ತು ಡಿಗ್ರಿ ತಂಪಾಗುತ್ತದೆಂದು ಹೇಳುವವರನ್ನು ನಂಬಬೇಡಿ. ಛಾವಣಿಯ ಮೇಲ್ಮೈ ಅಷ್ಟು ಇಳಿಯಬಹುದು, ಕೋಣೆಯ ಗಾಳಿ ಅಷ್ಟು ಇಳಿಯುವುದಿಲ್ಲ.

ಇನ್ನು ಪಶ್ಚಿಮದ ಗಾಜು. ಸಂಜೆಯ ಬಿಸಿಲು ಓರೆಯಾಗಿ ನೇರ ಗಾಜಿಗೇ ಬೀಳುವುದರಿಂದ ಮೇಲಿನ ಸಜ್ಜಾ ಅದನ್ನು ತಡೆಯಲಾರದು. ಒಳಗೆ ದಪ್ಪ ಪರದೆ ಹಾಕಿಯೂ ಪ್ರಯೋಜನ ಕಡಿಮೆ, ಏಕೆಂದರೆ ಅಷ್ಟರಲ್ಲಿ ಬಿಸಿ ಗಾಜನ್ನು ದಾಟಿ ಕೋಣೆಯೊಳಗೆ ಬಂದಾಗಿರುತ್ತದೆ. ತಡೆ ಗಾಜಿನ ಹೊರಗಿರಬೇಕು: ನಿಲುವಾದ ಪಟ್ಟಿಗಳು, ಜಾಲಿ, ಏನೂ ಇಲ್ಲದಿದ್ದರೆ ಬಿದಿರುಕಡ್ಡಿಯ ಪರದೆ. ಇವಿಷ್ಟು ಆದ ಮೇಲೆ ರಾತ್ರಿ ಕಿಟಕಿ ತೆರೆದು ಫ್ಯಾನ್ ಹಾಕಿ ಒಂದು ಬೇಸಿಗೆ ನೋಡಿ. ಆಗಲೂ ಎಸಿ ಬೇಕೆನಿಸಿದರೆ ಒಂದು ಕೋಣೆಗೆ ಒಂದನ್ನು, ಐದು ನಕ್ಷತ್ರದ್ದನ್ನು ಕೊಂಡು 26ಕ್ಕೆ ಇಟ್ಟು ಫ್ಯಾನ್ ಜೊತೆ ಓಡಿಸಿ. ತಾಪಮಾನವನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಬ್ಯೂರೋ ಹೇಳುತ್ತದೆ. ಆಮೇಲೆ ಸೋಲಾರ್ ಹಾಕಿಸಿ. ಆಗ ಅದೇ 12 ಯುನಿಟ್ ನಿಮ್ಮ ಮನೆಯ ಬಳಕೆಯ ಬಹುಪಾಲನ್ನು ತುಂಬುತ್ತದೆ.

ಕೆಡವಿ ಕಟ್ಟಿಸುವ ಸಲಹೆಯ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಣ್ಣಕಲ್ಲಿನಿಂದಲೇ, ಅದನ್ನು ಸುಟ್ಟಾಗ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್‌ನಿಂದಲೇ ಬರುತ್ತದೆ. ಗೂಡಿಗೆ ಸೌರವಿದ್ಯುತ್ ಕೊಟ್ಟರೂ ಅದು ನಿಲ್ಲುವುದಿಲ್ಲ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ನಿಮ್ಮ ಜಿಲ್ಲೆಯಲ್ಲೇ ಇರುವುದರಿಂದ ಇದನ್ನು ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಈಗಾಗಲೇ ನಿಂತಿರುವ ಗಟ್ಟಿ ಅಂತಸ್ತನ್ನು ಕೆಡವಿ ಹೊಸ ಸಿಮೆಂಟು, ಹೊಸ ಕಬ್ಬಿಣ ಸುರಿದು ಅದಕ್ಕೆ ಹಸಿರು ಎಂದು ಹೆಸರಿಡುವುದು ಜನರನ್ನು ದಾರಿ ತಪ್ಪಿಸುವ ಕೆಲಸ.

ಕಾನೂನು ಏನು ಮಾಡುತ್ತಿದೆ ಎಂದು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಇಂಧನ ಸಂರಕ್ಷಣಾ ಕಾಯ್ದೆ 2001ರದ್ದು, ವಾಣಿಜ್ಯ ಕಟ್ಟಡಗಳ ಸಂಹಿತೆ 2007ರದ್ದು. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಸಂಹಿತೆಯ ವ್ಯಾಪ್ತಿಗೆ ತಂದಿತು, ಆದರೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಸಂಪರ್ಕ ಭಾರ, ಅಂದರೆ ಎಲ್ಲ ಉಪಕರಣಗಳ ಒಟ್ಟು ವಿದ್ಯುತ್ ಸಾಮರ್ಥ್ಯ, ಇರುವ ಕಟ್ಟಡಗಳನ್ನು ಮಾತ್ರ. ಈ ಮಿತಿಯನ್ನು ಇಳಿಸುವ ಅಧಿಕಾರ ರಾಜ್ಯಗಳಿಗಿದೆ. 2018ರ ಸಂಹಿತೆಯೂ 500 ಚದರ ಮೀಟರ್‌ಗಿಂತ ಚಿಕ್ಕ ನಿವೇಶನಗಳನ್ನು ಬಿಟ್ಟಿತ್ತು, ನಿಮ್ಮ ನಿವೇಶನ 140 ಚದರ ಮೀಟರ್. ನಮ್ಮ ಊರುಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಹೆಚ್ಚಿನವು ಇದೇ ಅಳತೆಯವು, ಅಂದರೆ ಯಾವ ಸಂಹಿತೆಗೂ ಸಿಕ್ಕದವು. ನಕ್ಷೆ ಮಂಜೂರು ಮಾಡುವಾಗ ಸುತ್ತ ಬಿಡಬೇಕಾದ ಜಾಗವನ್ನು ಅಡಿ ಲೆಕ್ಕದಲ್ಲಿ ಅಳೆಯುವ ಕಚೇರಿ, ಛಾವಣಿಯ ಮೇಲೆ ಏನು ಹಾಸುತ್ತೀರಿ, ಪಶ್ಚಿಮದ ಗಾಜಿಗೆ ನೆರಳು ಎಲ್ಲಿದೆ, ತೆರೆಯಬಹುದಾದ ಕಿಟಕಿ ಎಷ್ಟಿದೆ ಎಂಬ ಮೂರು ಪ್ರಶ್ನೆಗಳನ್ನು ಅದೇ ಅರ್ಜಿಯಲ್ಲಿ ಕೇಳಿ ಉತ್ತರವಿಲ್ಲದ ನಕ್ಷೆಯನ್ನು ಹಿಂತಿರುಗಿಸಿದರೆ, ಸಹಾಯಧನಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಮುಂದಿನ ಐವತ್ತು ವರ್ಷಗಳ ವಿದ್ಯುತ್ ಬೇಡಿಕೆಯನ್ನು ಇವತ್ತೇ ಇಳಿಸಬಹುದು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ, ಇನ್ನೂ ಹೇಳುತ್ತೇನೆ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ‘ಪವರ್ ಸೇವರ್’ ಪೆಟ್ಟಿಗೆಯಿಂದ ಬಿಲ್ ಶೇ 40 ಇಳಿಯುತ್ತದೆಯೇ?

ಉತ್ತರ: ಇಳಿಯುವುದಿಲ್ಲ. ಒಳಗಿರುವುದು ಒಂದು ಸಣ್ಣ ಕೆಪಾಸಿಟರ್, ಅದು ಮನೆಯ ಮೀಟರ್ ಎಣಿಸುವ ಯುನಿಟ್‌ಗಳನ್ನು ಕಡಿಮೆ ಮಾಡಲಾರದು. ಇದು ಮೋಸ.

ಪ್ರಶ್ನೆ: ಗೃಹಜ್ಯೋತಿಯಿಂದ ನಮ್ಮ ಬಿಲ್ ಸೊನ್ನೆ. ಉಳಿತಾಯದಿಂದ ನಮಗೇನು ಲಾಭ?

ಉತ್ತರ: ಸೊನ್ನೆಯಾಗಿರುವುದು ನಿಮ್ಮ ಬಿಲ್, ಹೊರಸೂಸುವಿಕೆಯಲ್ಲ. ತಿಂಗಳಿಗೆ 30 ಯುನಿಟ್ ಉಳಿಸಿದರೂ ವರ್ಷಕ್ಕೆ ಸುಮಾರು 250 ಕಿಲೋ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ.

ಪ್ರಶ್ನೆ: ಗೀಸರ್ ಬದಲು ಸೋಲಾರ್ ವಾಟರ್ ಹೀಟರ್ ಈಗಲೂ ಹಾಕಿಸಬಹುದೇ?

ಉತ್ತರ: ಹಾಕಿಸಿ. ನೂರು ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಮೂರೂವರೆ ಯುನಿಟ್ ಬೇಕು, ಬಿಸಿಲು ಅದನ್ನು ಪುಕ್ಕಟೆ ಮಾಡಿಕೊಡುತ್ತದೆ.

ಪ್ರಶ್ನೆ: ಮಣ್ಣಿನ ಬ್ಲಾಕಿನ ಗೋಡೆ ಮಳೆಗೆ ಕರಗುವುದಿಲ್ಲವೇ?

ಉತ್ತರ: ಶೇಕಡಾ 6ರಿಂದ 8 ಸಿಮೆಂಟ್ ಬೆರೆಸಿ, ಸರಿಯಾಗಿ ಒತ್ತಿ, ನೀರುಣಿಸಿದ ಬ್ಲಾಕ್ ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರ ಈ ವಿಷಯದಲ್ಲಿ ದಶಕಗಳ ಕೆಲಸ ಮಾಡಿದೆ. ಗೂಡಿನಲ್ಲಿ ಸುಡಬೇಕಾಗಿಲ್ಲದಿರುವುದೇ ಇದರ ದೊಡ್ಡ ಗುಣ. ಮಣ್ಣು ಪರೀಕ್ಷಿಸದೆ ಅಚ್ಚು ಹಾಕುವ ಮೇಸ್ತ್ರಿಯನ್ನು ಮಾತ್ರ ದೂರವಿಡಿ.

ಪ್ರಶ್ನೆ: ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕೇ?

ಉತ್ತರ: ಬೇಡ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಸೋರಿಕೆ ಮುಚ್ಚದೆ ತುಂಬಿಸುವವನು ಮುಂದಿನ ವರ್ಷವೂ ಬರುತ್ತಾನೆ. ಎಸಿಗಳಲ್ಲಿ ತುಂಬುವ ಆರ್-410ಎ ಎಂಬ ಅನಿಲ ಒಂದು ಕಿಲೋ ಗಾಳಿಗೆ ಹೋದರೆ ಅದು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ, ಎಂದರೆ ಗ್ರಿಡ್‌ನ ಸುಮಾರು 3,000 ಯುನಿಟ್ ಬಳಸಿದ್ದಕ್ಕೆ ಸಮ. ಇನ್ನೊಂದು ಎಸಿ ಅನಿಲವಾದ ಆರ್-32 ಇದರ ಮೂರನೇ ಒಂದು ಪಾಲಿನಷ್ಟು ಹಾನಿ ಮಾಡುತ್ತದೆ, ಆದರೆ ಅದಕ್ಕೆ ಸ್ವಲ್ಪ ಉರಿಯುವ ಗುಣವಿದೆ, ಹೀಗಾಗಿ ತರಬೇತಿಯಿಲ್ಲದವರಿಗೆ ಮುಟ್ಟಲು ಬಿಡಬೇಡಿ. ಈ ಅನಿಲಗಳ ಬಳಕೆ ಇಳಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ನೀಡಿದೆ, ಆದರೆ ನಮ್ಮ ಮೊದಲ ಶೇ 10ರ ಇಳಿಕೆಯ ಗಡುವು 2032. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಇಷ್ಟು: ಎಸಿ ಬಿಚ್ಚಿ ಬೇರೆ ಕಡೆ ಕೂರಿಸುವಾಗ ಅನಿಲವನ್ನು ಗಾಳಿಗೆ ಬಿಡದೆ ಹೊರಘಟಕದೊಳಕ್ಕೆ ಎಳೆದುಕೊಂಡು ಕವಾಟ ಮುಚ್ಚುವಂತೆ ಮೆಕ್ಯಾನಿಕ್‌ಗೆ ಹೇಳಿ, ಅವನು ಹಾಗೆ ಮಾಡುವವರೆಗೆ ಪಕ್ಕದಲ್ಲೇ ನಿಂತು ನೋಡಿ.