ಮೊದಲು 30 ಗಿನಿ, ಆಮೇಲೆ ಕಣ್ಣೀರು

ನಮಸ್ಕಾರ.

ಇಂಗ್ಲಿಷ್ ಕಾನೂನಿನಲ್ಲಿ ಕರಾರಿನ ಹೊಣೆಗಳು ಹೇಗೆ ಮುಗಿಯುತ್ತವೆ ಎಂಬ ಬಗ್ಗೆ ನೀವು ಕಳಿಸಿದ ‘ಕರಾರಿನ ಕೊನೆಯುಸಿರು’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಒಪ್ಪಿದ್ದನ್ನು ಪೂರೈಸುವುದು, ಇಬ್ಬರೂ ಮಾತಾಡಿಕೊಂಡು ಕೈಬಿಡುವುದು, ಒಬ್ಬರು ಮುರಿಯುವುದು, ಯಾರ ತಪ್ಪೂ ಇಲ್ಲದೆ ನೆರವೇರಿಸಲಾಗದಂತಾಗುವುದು, ಹೀಗೆ ನಾಲ್ಕೂ ದಾರಿಗಳನ್ನು ಸರಿಯಾಗಿ ಹೆಸರಿಸಿದ್ದೀರಿ. ಒಳ್ಳೆಯದು. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಅದು ಯಾಕೆ ಅಂತ ಹೇಳಿಬಿಡುತ್ತೇನೆ.

ನಿಮ್ಮದೇ ಸಾಲುಗಳು: “ಬಡ ನಾವಿಕ ಕಟ್ಟರ್ ನಡುಗಡಲಿನಲ್ಲಿ ಪ್ರಾಣ ಬಿಟ್ಟ. ಅವನ ವಿಧವೆ ಕಣ್ಣೀರಿಡುತ್ತ ನ್ಯಾಯಾಲಯದ ಬಾಗಿಲು ತಟ್ಟಿದಳು. ಕಲ್ಲೆದೆಯ ನ್ಯಾಯಾಧೀಶರು ಅವಳಿಗೆ ಬಿಡಿಗಾಸನ್ನೂ ಕೊಡಿಸಲಿಲ್ಲ.”

‘ಬಡ’ ಎಂಬುದಕ್ಕೆ ಆಧಾರವೇನು? ಅವನು ಹಡಗಿನಲ್ಲಿ ಸೆಕೆಂಡ್ ಮೇಟ್, ಅಂದರೆ ಅಧಿಕಾರಿ. ‘ಕಣ್ಣೀರಿಡುತ್ತ’ ಎಂಬುದನ್ನು ಕಂಡವರು ಯಾರು? ತೀರ್ಪಿನ ವರದಿಯಲ್ಲಂತೂ ಅದಿಲ್ಲ. ಇವೆರಡನ್ನೂ ಹೇಗೋ ಸಹಿಸಿಕೊಳ್ಳಬಹುದು. ‘ಕಲ್ಲೆದೆಯ’ ಎನ್ನುವುದನ್ನು ಮಾತ್ರ ಸಹಿಸಲಾರೆ. ಯಾಕೆಂದರೆ ಆ ಮಾತು ನಿಲ್ಲಬೇಕಾದರೆ ಮೊಕದ್ದಮೆಯ ಜೀವಾಳವಾದ ಒಂದು ಚೀಟಿಯನ್ನು ಓದುಗರಿಂದ ಮುಚ್ಚಿಡಬೇಕು. ನೀವು ಮುಚ್ಚಿಟ್ಟಿದ್ದೀರಿ.

1793ರ ಜುಲೈ 31ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ‘ಗವರ್ನರ್ ಪ್ಯಾರಿ’ ಹಡಗಿನ ಮಾಸ್ಟರ್, ಅಂದರೆ ಕಪ್ತಾನ, ಪೊವೆಲ್ ಆ ಚೀಟಿ ಬರೆದುಕೊಟ್ಟ. ಹಡಗು ಲಿವರ್‌ಪೂಲ್ ತಲುಪಿದ ಹತ್ತು ದಿನಕ್ಕೆ ಕಟ್ಟರ್‌ಗೆ 30 ಗಿನಿ ಕೊಡುತ್ತೇನೆ, ಲಿವರ್‌ಪೂಲ್‌ವರೆಗೂ ಅವನು ಜೊತೆಗಿದ್ದು ಸೆಕೆಂಡ್ ಮೇಟ್ ಕೆಲಸ ಮಾಡಿದರೆ. ಆ ‘ಮಾಡಿದರೆ’ ಚೀಟಿಯಲ್ಲೇ ಇತ್ತು. ಹಡಗು ಆಗಸ್ಟ್ 2ರಂದು ಹೊರಟಿತು, ಕಟ್ಟರ್ ಸತ್ತದ್ದು ಸೆಪ್ಟೆಂಬರ್ 20ಕ್ಕೆ, ಲಿವರ್‌ಪೂಲ್ ಸೇರಿದ್ದು ಅಕ್ಟೋಬರ್ 9ಕ್ಕೆ. ಈಗ ಸಂಬಳದ ಲೆಕ್ಕ ನೋಡಿ. ಸೆಕೆಂಡ್ ಮೇಟ್‌ಗೆ ಆಗಿನ ರೂಢಿಯ ಸಂಬಳ ತಿಂಗಳಿಗೆ 4 ಪೌಂಡ್. ಎರಡು ತಿಂಗಳ ಪ್ರಯಾಣಕ್ಕೆ 8 ಪೌಂಡ್ ಆಯಿತು. 30 ಗಿನಿ ಅಂದರೆ 31 ಪೌಂಡ್ 10 ಶಿಲ್ಲಿಂಗ್, ಹೆಚ್ಚುಕಡಿಮೆ ನಾಲ್ಕು ಪಟ್ಟು! ತಿಂಗಳ ಲೆಕ್ಕದ ಸಣ್ಣ ಸಂಬಳ ಬಿಟ್ಟು, ದಡ ಸೇರಿದರೆ ಸಿಗುವ ದೊಡ್ಡ ಮೊತ್ತಕ್ಕೆ ಅವನು ಒಪ್ಪಿಕೊಂಡಿದ್ದ. 1795ರ ತೀರ್ಪಿನಲ್ಲಿ ನ್ಯಾಯಾಧೀಶ ಲಾರ್ಡ್ ಕೆನ್ಯನ್ ಇದೊಂದು ಬಗೆಯ ವಿಮೆ ಎಂದದ್ದು ಅದಕ್ಕೇ.

ಇಷ್ಟನ್ನು ಹೇಳಿದ ಮೇಲೂ ತೀರ್ಪು ಕಠಿಣ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಏಳು ವಾರ ದುಡಿದವನ ಮನೆಯವರಿಗೆ ಏನೂ ಇಲ್ಲ ಅಂದರೆ ಹೇಗೆ? ಆದರೆ ಹಾಗೆ ಅನ್ನಿಸಿಕೊಳ್ಳುವ ಹಕ್ಕು ಚೀಟಿ ಓದಿದ ಓದುಗರದ್ದು. ನೀವು ಅವರ ಪರವಾಗಿ ಮೊದಲೇ ಅತ್ತುಬಿಟ್ಟಿದ್ದೀರಿ.

ನಾನು ಸಂಪಾದಕನಾಗುವ ಮುಂಚೆ ಧಾರವಾಡದಲ್ಲಿ ಒಬ್ಬ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ಒಂದು ಸಂಜೆ ಬಾವಿ ತೋಡುವ ಗುತ್ತಿಗೆಯವನೊಬ್ಬ ಬಂದು ಕೂತ. ಬಂಡೆ ಬಂತು, ಮದ್ದಿಟ್ಟು ಸಿಡಿಸಿದರೂ ಹನಿ ನೀರಿಲ್ಲ, ಹೊಲದ ಮಾಲೀಕ ದುಡ್ಡು ಕೊಡುವುದಿಲ್ಲ ಅನ್ನುತ್ತಾನೆ, ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದೆ. ಸೀನಿಯರ್ ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿದರು, ಚಹಾ ತರಿಸಿದರು, ಆಮೇಲೆ ಒಂದೇ ಒಂದು ಪ್ರಶ್ನೆ: “ಅಡಿ ಲೆಕ್ಕಕ್ಕ ಮಾತಾಡಿದ್ದೇನಪಾ, ನೀರು ಬಿದ್ದರ ಇಷ್ಟು ಅಂತ ಮಾತಾಡಿದ್ದೋ?” ಅವನು ಟವೆಲ್ಲಿನ ಅಂಚು ತಿರುವುತ್ತ, “ನೀರು ಬಿದ್ದರ ಅಂತರೀ. ಅಡಿ ಲೆಕ್ಕದಾಗ ಏನೂ ಗಿಟ್ಟಂಗಿಲ್ರೀ” ಅಂದ. ಸೀನಿಯರ್ ನನ್ನ ನೋಟ್‌ಬುಕ್ ಎಳೆದುಕೊಂಡು ಪುಟದ ತಲೆಯ ಮೇಲೆ ‘ನೀರು ಬಿದ್ದರೆ’ ಎಂದು ಬರೆದು ಅಡಿಗೆರೆ ಹಾಕಿದರು. ಮದುವೆಯ ವಿಷಯವನ್ನು ಅವರು ಮರೆಯಲಿಲ್ಲ. ದಾವೆ ಹೂಡದೆ ಎರಡೂ ಕಡೆಯವರನ್ನು ಕೂರಿಸಿ ಮದ್ದಿನ ಖರ್ಚು, ಕೂಲಿಯ ಖರ್ಚು ಕೊಡಿಸಿದರು. ಅವರ ಕನಿಕರವೆಲ್ಲ ಆ ಪ್ರಶ್ನೆಯ ಆಚೆಗೆ ಶುರುವಾಗುತ್ತಿತ್ತು. ನನಗೆ ಬರವಣಿಗೆ ಕಲಿಸಿದ್ದು ಪತ್ರಿಕೆಯ ಡೆಸ್ಕಿಗಿಂತ ಹೆಚ್ಚಾಗಿ ಆ ಕೋಣೆ.

ನೀವು ಕಟ್ಟರ್‌ನ ಹತ್ತಿರವೇ ನಿಂತುಬಿಟ್ಟದ್ದೂ ಅಳುವಿನ ಫಲ. ಕಾನೂನು ಅಲ್ಲಿಗೇ ನಿಲ್ಲಲಿಲ್ಲ. 1952ರ ಹೋನಿಗ್ ಮೊಕದ್ದಮೆಯಲ್ಲಿ ಒಂದು ಫ್ಲಾಟಿನ ಅಲಂಕಾರ, ಪೀಠೋಪಕರಣಕ್ಕೆ 750 ಪೌಂಡ್ ಮಾತಾಗಿತ್ತು. ಪುಸ್ತಕದ ಕಪಾಟು, ಬೀರುವಿನ ಬಾಗಿಲು ಸರಿಯಿರಲಿಲ್ಲ, ತಿದ್ದಲು ಸುಮಾರು 56 ಪೌಂಡ್ ಬೇಕಿತ್ತು. ಬಹುಪಾಲು ಕೆಲಸ ಆಗಿದೆ ಅಂತ ಅಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಕೊಡಿಸಿದರು. 1972ರ ಬೋಲ್ಟನ್‌ನಲ್ಲಿ 560 ಪೌಂಡಿನ ಹೀಟಿಂಗ್ ವ್ಯವಸ್ಥೆ. ಮನೆ ಸರಿಯಾಗಿ ಬೆಚ್ಚಗಾಗುತ್ತಿರಲಿಲ್ಲ, ಮೇಲಾಗಿ ಹೊಗೆ, ತಿದ್ದಲು 174 ಪೌಂಡ್. ಗುತ್ತಿಗೆಯವನಿಗೆ ಏನೂ ಸಿಗಲಿಲ್ಲ. ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ, ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಇದೇ ಚಟ ಏಳನೇ ಪುಟದಲ್ಲೂ ಇದೆ: “1902ರಲ್ಲಿ ದೊರೆ ಏಳನೇ ಎಡ್ವರ್ಡ್ ಕಾಯಿಲೆ ಬಿದ್ದು ಪಟ್ಟಾಭಿಷೇಕ ಮುಂದಕ್ಕೆ ಹೋಯಿತು, ಅದರ ಮೇಲೆ ನಿಂತ ಕರಾರುಗಳೆಲ್ಲ ಮಣ್ಣುಪಾಲಾದವು.” ‘ಎಲ್ಲ’ ಅಲ್ಲ! ಮೆರವಣಿಗೆ ನೋಡಲು ಪಾಲ್ ಮಾಲ್ ಬೀದಿಯ ಕೋಣೆಗಳನ್ನು ಎರಡು ದಿನಕ್ಕೆ 75 ಪೌಂಡಿಗೆ ಹಿಡಿದಿದ್ದ ಹೆನ್ರಿ, ಬಾಕಿ 50 ಪೌಂಡ್ ಕೊಡಬೇಕಾಗಲಿಲ್ಲ, ನಿಜ. ಆದರೆ ಸ್ಪಿಟ್‌ಹೆಡ್‌ನಲ್ಲಿ ದೊರೆಯ ನೌಕಾಪಡೆ ಪರಿವೀಕ್ಷಣೆ ತೋರಿಸಲು 250 ಪೌಂಡಿಗೆ ‘ಸಿಂಥಿಯಾ’ ಸ್ಟೀಮರ್ ಗೊತ್ತು ಮಾಡಿದ್ದ ಹಟನ್ ಸೋತ. ಪರಿವೀಕ್ಷಣೆ ರದ್ದಾದರೂ ಹಡಗುಗಳು ಅಲ್ಲೇ ಲಂಗರು ಹಾಕಿದ್ದವು, ಅವುಗಳನ್ನು ಸುತ್ತಿ ಬರುವುದೂ ಕರಾರಿನಲ್ಲಿತ್ತು. 1903ರಲ್ಲಿ ಎರಡನ್ನೂ ತೀರ್ಮಾನಿಸಿದ್ದು ಅದೇ ಮೂವರು ನ್ಯಾಯಮೂರ್ತಿಗಳು. ಕೋಣೆಯ ಮಾಲೀಕ ಮಾರಿದ್ದು ಮೆರವಣಿಗೆಯ ನೋಟ, ಸ್ಟೀಮರಿನವರು ಕೊಟ್ಟದ್ದು ಬರೀ ದೋಣಿ ಎಂಬ ಭೇದ ಇಡೀ ವಿಷಯದಲ್ಲೇ ಅತ್ಯಂತ ಸೂಕ್ಷ್ಮವಾದದ್ದು. ಆ ಮೂವರಲ್ಲೊಬ್ಬರಾದ ವಾನ್ ವಿಲಿಯಮ್ಸ್ ಅದನ್ನು ವಿವರಿಸಲು ಡರ್ಬಿ ಕುದುರೆ ರೇಸಿನ ದಿನ ಎಪ್ಸಮ್‌ಗೆ ಹೆಚ್ಚಿನ ಬಾಡಿಗೆಗೆ ಗಾಡಿ ಗೊತ್ತು ಮಾಡಿದವನ ಉದಾಹರಣೆ ಕೊಟ್ಟರು. ರೇಸ್ ನಡೆಯದಿದ್ದರೂ ಗಾಡಿಯ ಬಾಡಿಗೆ ತಪ್ಪುವುದಿಲ್ಲ. ಹಟನ್‌ನನ್ನು ಬಿಟ್ಟು ಹೆನ್ರಿಯೊಬ್ಬನನ್ನೇ ಹೇಳಿದರೆ ಓದುಗರು ತಪ್ಪು ತಿಳಿವಳಿಕೆ ಹೊತ್ತುಕೊಂಡು ಏಳುತ್ತಾರೆ.

ಇನ್ನು ಒಂಬತ್ತನೇ ಪುಟ. “ಒಬ್ಬರು ಮಾತು ಮುರಿದ ಕ್ಷಣವೇ ಕರಾರು ಸತ್ತಂತೆ. ಅಲ್ಲಿಂದಾಚೆ ಇಬ್ಬರೂ ಬಂಧಮುಕ್ತರು.” ಇದು ಶೈಲಿಯ ದೋಷವಲ್ಲ, ತಪ್ಪು. ನಾಳೆ ಯಾರಾದರೂ ಇದನ್ನು ನಂಬಿಕೊಂಡು ನಡೆದರೆ ಏಟು ತಿನ್ನುತ್ತಾರೆ.

ಮೊದಲನೆಯದಾಗಿ, ಮುರಿದದ್ದು ಎಷ್ಟು ಎಂಬ ಪ್ರಶ್ನೆ ಇದೆ. 1876ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದರಲ್ಲಿ ಒಪೆರಾ ಗಾಯಕ ಬೆಟ್ಟಿನಿ ಆರು ದಿನ ಮುಂಚೆ ರಿಹರ್ಸಲ್‌ಗೆ ಬರಬೇಕಾದವನು ಎರಡೇ ದಿನ ಮುಂಚೆ ಬಂದ. ಅಷ್ಟಕ್ಕೇ ಅವನನ್ನು ಕಿತ್ತುಹಾಕುವಂತಿಲ್ಲ ಎಂದಾಯಿತು. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ಪೂಸಾರ್ ಎಂಬ ಗಾಯಕಿ ಕಾಯಿಲೆಯಿಂದ ಮೊದಲ ಪ್ರದರ್ಶನಗಳನ್ನೇ ತಪ್ಪಿಸಿಕೊಂಡಾಗ, ಅವಳನ್ನು ಬಿಡಬಹುದು ಎಂದಾಯಿತು. ಎರಡನೆಯದಾಗಿ, ಬುಡಕ್ಕೇ ಕೊಡಲಿ ಬಿದ್ದರೂ ಕರಾರು ತಾನಾಗಿ ಮುಗಿಯುವುದಿಲ್ಲ. ಮುಗಿಸುವುದೋ ಮುಂದುವರಿಸುವುದೋ ಎಂಬ ಆಯ್ಕೆ ಮಾತು ಮುರಿಯದೆ ಉಳಿದವನದು. ಅವನು ಒಪ್ಪದ ನಿರಾಕರಣೆ ನೀರಿನ ಮೇಲೆ ಬರೆದ ಹಾಗೆ ಎಂದು ನ್ಯಾಯಮೂರ್ತಿ ಆಸ್ಕ್ವಿತ್ 1951ರಲ್ಲೇ ಹೇಳಿದ್ದರು.

ಸ್ಕಾಟ್‌ಲೆಂಡಿನಿಂದ ಬಂದ ವೈಟ್ ಅಂಡ್ ಕಾರ್ಟರ್ ಮೇಲ್ಮನವಿಯನ್ನು ನೀವು ಓದಲೇಬೇಕು. ಇಂಗ್ಲಿಷ್ ವಕೀಲರೂ ಅದನ್ನು ತಮ್ಮದೇ ಎಂಬಂತೆ ಉಲ್ಲೇಖಿಸುತ್ತಾರೆ. ಬೀದಿಯ ಕಸದ ಡಬ್ಬಿಗಳ ಮೇಲೆ ಮೂರು ವರ್ಷ ತನ್ನ ಜಾಹೀರಾತು ಹಾಕಿಸಲು ಗ್ಯಾರೇಜೊಂದು ಒಪ್ಪಿ, ಅದೇ ದಿನ ‘ಬೇಡ’ ಎಂದು ಬರೆಯಿತು. ಕಂಪನಿ ಆ ‘ಬೇಡ’ವನ್ನು ಒಪ್ಪಲಿಲ್ಲ. ಬೇಡವೆಂದವನ ಜಾಹೀರಾತನ್ನು ಹಟ ಹಿಡಿದು ಹಾಕಿ, ಪೂರ್ತಿ ಹಣ 196 ಪೌಂಡ್ 4 ಶಿಲ್ಲಿಂಗ್ ಕೇಳಿತು. ಆಗ ಬ್ರಿಟನ್ನಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಎರಡರ ವಿರುದ್ಧ ಮೂರರ ಬಹುಮತದಲ್ಲಿ ಕೊಡಿಸಿತು! ನಿಮ್ಮ ಸಾಲು ನಿಜವಾಗಿದ್ದರೆ ಅವರಿಗೆ ಒಂದು ಪೆನ್ನಿಯೂ ಸಿಗುತ್ತಿರಲಿಲ್ಲ.

‘ಬಂಧಮುಕ್ತರು’ ಎಂಬುದೂ ಸುಳ್ಳೇ. ಆಯ್ಕೆ ಮಾಡಿ ಮುಗಿಸಿದಾಗ ಬಿದ್ದುಹೋಗುವುದು ಇನ್ನೂ ಮಾಡದೆ ಉಳಿದ ಕೆಲಸ. ಮುರಿದವನ ತಲೆಯ ಮೇಲೆ ಅದರ ಜಾಗದಲ್ಲಿ ನಷ್ಟ ತುಂಬಿಕೊಡುವ ಹೊಣೆ ಬಂದು ಕೂರುತ್ತದೆ ಎಂದು ಅದೇ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶ ಲಾರ್ಡ್ ಡಿಪ್ಲಾಕ್ 1980ರಲ್ಲಿ ಬಿಡಿಸಿ ಹೇಳಿದರು. ವ್ಯಾಜ್ಯವನ್ನು ಪಂಚಾಯ್ತಿಗೆ (ಆರ್ಬಿಟ್ರೇಶನ್) ಒಪ್ಪಿಸುವ ಷರತ್ತು ಇದ್ದರೆ ಅದೂ ಜೀವಂತವಾಗಿರುತ್ತದೆ. ನಮ್ಮ ಓದುಗರ ಕೈಯಲ್ಲಿರುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ 39ನೇ ಕಲಮೂ ಒಬ್ಬರು ಪೂರ್ತಿ ನಿರಾಕರಿಸಿದರೆ ಇನ್ನೊಬ್ಬರು ಕರಾರನ್ನು ಕೊನೆಗಾಣಿಸಬಹುದು ಎನ್ನುತ್ತದೆಯೇ ಹೊರತು, ತಾನಾಗಿ ಕೊನೆಯಾಯಿತು ಎನ್ನುವುದಿಲ್ಲ. ಅದನ್ನೊಂದು ಸಾಲಿನಲ್ಲಿ ಸೇರಿಸಿ.

ಕಟ್ಟರ್ ಭಾಗವನ್ನು ಚೀಟಿಯಿಂದ ಶುರು ಮಾಡಿ, ಸ್ಟೀಮರ್ ಒಳಗೆ ತನ್ನಿ, ಒಂಬತ್ತನೇ ಪುಟವನ್ನು ಹರಿದು ಹೊಸದಾಗಿ ಬರೆದು ಕಳಿಸಿ. ಉಳಿದ ಪುಟಗಳಿಗೆ ಕೈ ಹಚ್ಚಬೇಡಿ, ಅಲ್ಲಿನ ಸಣ್ಣಪುಟ್ಟದ್ದನ್ನು ನಾನೇ ನೋಡಿಕೊಳ್ಳುತ್ತೇನೆ. ಶೀರ್ಷಿಕೆಯಲ್ಲಿ ‘ಕೊನೆಯುಸಿರು’ ಇರುವುದಿಲ್ಲ. ಅದರ ಬಗ್ಗೆ ಫೋನ್ ಮಾಡಿ ವಾದಿಸಬೇಡಿ.